ಓಬಳಪ್ಪನವರ ಮಡಚದ ಮಂಡಿ

ಚಾಮರಾಜಪೇಟೆಯ ನಮ್ಮ ಬೀದಿಯ ಓಬಳಪ್ಪ ಕಾರ್ಗಿಲ್ ಯುದ್ಧಕ್ಕೆ ಹೋಗಿ ಬಂದ ಹವಾಲ್ದಾರರು. ಶೆಲ್ಲಿನ ಚೂರು ಹೊಕ್ಕ ಬಲಮಂಡಿ ಆವತ್ತಿನಿಂದ ಮಡಚಿಲ್ಲ. ಕಾಲು ನೆಟ್ಟಗಿಟ್ಟು ನಡೆಯುವುದನ್ನು ಕಂಡು ಜನ ಮಿಲಿಟರಿ ಠೀವಿ ಎಂದು ಮೆಚ್ಚುತ್ತಾರೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಬೇಕಾದಾಗ ಮಾತ್ರ ಅದೇ ಜನ ಮೊಬೈಲಿನಿಂದ ತಲೆ ಎತ್ತುವುದಿಲ್ಲ.

ಈ ಜನರನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಪಿಂಚಣಿ ಕಚೇರಿಯವರ ಬುದ್ಧಿ. ಅಂಗವೈಕಲ್ಯ ಇನ್ನೂ ಇದೆಯೇ ನೋಡಬೇಕೆಂದು ಮೂರು ವರ್ಷದ ಹಿಂದೆ ಮರುಪರೀಕ್ಷೆಗೆ ಕರೆದರು, ಮಂಡಿ ಮತ್ತೆ ಚಿಗುರಿರಬಹುದು ಎಂದೋ ಏನೋ. ಓಬಳಪ್ಪ ಪ್ಯಾಂಟಿಗೆ ಇಸ್ತ್ರಿ ಹಾಕಿಸಿ, ಪದಕ ಸಿಕ್ಕಿಸಿಕೊಂಡು ಹೋಗಿ ಸೆಲ್ಯೂಟ್ ಹೊಡೆದು ನಿಂತರು. ಮಿಲಿಟರಿ ಡಾಕ್ಟರ್ ಫೈಲಿನಿಂದ ಮುಖ ಎತ್ತಿದ್ದು ಒಂದೇ ಸಲ. ನೋವಿದೆಯೇ ಎಂದು ಕೇಳಿದ. ಮೇಲಧಿಕಾರಿಯ ಮುಂದೆ ನೋವು ತೋಡಿಕೊಳ್ಳುವುದು ಓಬಳಪ್ಪನವರ ಜಾಯಮಾನವಲ್ಲ, ಪರವಾಗಿಲ್ಲ ಎಂದರು. ‘ನಿಲುವು ಸಹಜ, ನಡಿಗೆ ಸಹಜ’ ಎಂದು ಬರೆದುಬಿಟ್ಟ ಆ ಮಹಾನುಭಾವ. ಅಂಗವೈಕಲ್ಯದ ಪಿಂಚಣಿ ನಿಂತಿತು.

ಆಮೇಲೆ ಅರ್ಜಿಯ ಮೇಲೆ ಅರ್ಜಿ. ಪಿಂಚಣಿ ಕಚೇರಿಯ ಗುಮಾಸ್ತ ಮಧುಸೂದನ್ ಪ್ರತಿ ಸಲವೂ ಅದೇ ಸಾಲು ತೋರಿಸಿ, ನಡೀತೀರಲ್ಲ ಇನ್ನೇನು ಎನ್ನುತ್ತಿದ್ದ. ಅವನ ಎದುರಿಗೂ ಓಬಳಪ್ಪ ನಿಂತೇ ಇರುತ್ತಿದ್ದರು. ದುಡ್ಡು ಸಾಲದೆ ನೋವಿನ ಮಾತ್ರೆ ಬಿಟ್ಟರು. ತರಗುಪೇಟೆಯ ಬೇಳೆ ಗೋದಾಮಿಗೆ ಕಾವಲಿಗೆ ಸೇರಿದರು, ಅಲ್ಲೂ ದಿನವಿಡೀ ನಿಂತೇ ಇರುವ ಕೆಲಸ.

ಈ ವರ್ಷ ಅಂತೂ ಮತ್ತೆ ಪರೀಕ್ಷೆಗೆ ಕರೆ ಬಂತು. ಈ ಸಲ ಹೆಂಡತಿ ನಾರಾಯಣಮ್ಮ ಜೊತೆಗೆ ಹೋದರು. ಅದೇ ಡಾಕ್ಟರ್, ಅದೇ ಫೈಲು. ಓಬಳಪ್ಪ ಮತ್ತೆ ಗರುಡಗಂಬದ ಹಾಗೆ ನಿಂತರು. ನಾರಾಯಣಮ್ಮ ಕುರ್ಚಿ ಎಳೆದು ಹಾಕಿದರೂ ಕೂರಲಿಲ್ಲ. ಅಧಿಕಾರಿ ಹೇಳದೆ ಕೂರುವುದು ಸೈನ್ಯದಲ್ಲಿ ಅವರು ಕಲಿತ ಪಾಠವಲ್ಲ. ಆಕೆಗೆ ರೇಗಿತು.

“ಸ್ವಾಮಿ, ಇವ್ರನ್ನ ಒಂದ್ಸಲ ಕೂತ್ಕೊಳ್ಳಿ ಅನ್ನಿ. ಆಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ.”

ಡಾಕ್ಟರ್ ಬೇಸರದಿಂದ ಹಾಗೆ ಅಂದ. ಓಬಳಪ್ಪ ಕೂತರು. ಬಲಗಾಲು ಹಲಗೆಯಂತೆ ಮುಂದಕ್ಕೆ ಚಾಚಿ ಮೇಜಿಗೆ ಬಡಿಯಿತು. ಡಾಕ್ಟರನ ಕಾಫಿ ಫೈಲಿನ ಮೇಲೆಲ್ಲ ಚೆಲ್ಲಿತು. ಆಗ ಆ ಮಂಡಿಯನ್ನು ಮೊದಲ ಸಲ ಮುಟ್ಟಿ ನೋಡಿದ. ಹಳೆಯ ಸಾಲು ಹೊಡೆದುಹಾಕಿ, ಪಿಂಚಣಿ ಮತ್ತೆ ಕೊಡಬೇಕೆಂದು ಬರೆದ. ಬರೆದು ಮುಗಿಸಿ, ತಪ್ಪೆಲ್ಲ ಓಬಳಪ್ಪನವರದೇ ಎಂಬಂತೆ, ಇದನ್ನು ಮೂರು ವರ್ಷದ ಹಿಂದೆಯೇ ಯಾಕೆ ತೋರಿಸಲಿಲ್ಲ ಎಂದು ಕೇಳಿದ.

“ಆವತ್ತು ಕೂತ್ಕೊಳ್ಳಿ ಅಂತ ಯಾರೂ ಅನ್ಲಿಲ್ಲ ಸಾರ್,” ಎಂದರು ಓಬಳಪ್ಪ.