ಚಿನ್ನಿಯ ವಕೀಲ

ನಮ್ಮಕ್ಕನ ಮಗಳು ಚಿನ್ನಿಗೆ ಮೂರು ತುಂಬ್ತಾ ಬಂದ್ರೂ ಬಾಯಿಂದ ಒಂದು ಮಾತಿಲ್ಲ. ಕಿವಿ ಚೆನ್ನಾಗೇ ಕೇಳುತ್ತೆ ಅಂತ ಪರೀಕ್ಷೆ ಮಾಡಿಸಿದ್ದಾಯ್ತು. ಅಕ್ಕನಿಗೆ ನಿದ್ದೆ ಇಲ್ಲ. ಕಡೆಗೆ ನಾವಿರೋ ತೆಲುಗು ಊರಿನ ಬೆಂಜ್ ಸರ್ಕಲ್ ಹತ್ರ ಒಬ್ರು ಸ್ಪೀಚ್ ಥೆರಪಿಸ್ಟ್ ಮೇಡಂ ಸಿಕ್ಕಿದ್ರು. ಕೆಲಸ ಇಲ್ಲದ ನಾನೇ ಡ್ರೈವರ್.

ಮೊದಲ ದಿನ ಮೇಡಂ ಸೋಪಿನ ಗುಳ್ಳೆ ಊದಿ, ಬಾಟಲಿ ಮುಚ್ಚಿ ಸುಮ್ನೆ ಕೂತ್ರು. ಚಿನ್ನಿ ಬಾಟಲಿ ಕಡೆ ಬೆರಳು ತೋರಿಸಿದ್ಳು.

"ಇನ್ನೂ ಬೇಕಂತೆ ಮೇಡಂ," ಅಂದೆ.

"ಮನೇಲೂ ಇವಳ ಮಾತೆಲ್ಲ ನೀವೇ ಆಡ್ತೀರಾ ಬಾಬು?" ಅಂತ ಮೇಡಂ ತೆಲುಗಲ್ಲಿ ಕೇಳಿದ್ರು.

"ಹೂಂ ಮತ್ತೆ! ಅವಳ ಮನಸ್ಸಲ್ಲಿರೋದೆಲ್ಲ ನಂಗೊತ್ತು."

"ಹಾಗಾದ್ರೆ ಅವಳ್ಯಾಕೆ ಕಷ್ಟಪಟ್ಟು ಮಾತಾಡ್ತಾಳೆ? ಈಗ ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಅಕ್ಕ ಕಿಸಕ್ಕನೆ ನಕ್ಕಳು. ನಾನು ಬಾಯಿಗೆ ಕೈ ಅಡ್ಡ ಇಟ್ಕೊಂಡೆ. ಚಿನ್ನಿ ಬಾಟಲಿ ನೋಡಿದ್ಳು, ನನ್ನ ನೋಡಿದ್ಳು, ಸಿಟ್ಟಲ್ಲಿ ಕಾಲು ನೆಲಕ್ಕೆ ಬಡಿದ್ಳು. ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ನನ್ನ ತೊಡೆಗೆ ಒಂದೇಟು ಬಿಗಿದು, "ಊದು!" ಅಂದ್ಳು.

ಅಕ್ಕ ನಗ್ತಾ ನಗ್ತಾನೇ ಅತ್ಳು. ನಾನು ತಲೆ ಸುತ್ತೋವರೆಗೂ ಊದಿದೆ. ಸುಮ್ನಿದ್ದಿದ್ದಕ್ಕೆ ಮೇಡಂ ನಂಗೂ ಶಭಾಷ್ ಅಂದ್ರು. ಇದೇ ಕೆಲಸಕ್ಕೆ ನಮ್ಮ ಕಾಲೇಜಲ್ಲಿ ವೈವಾ ಅನ್ನೋ ಬಾಯಿ ಪರೀಕ್ಷೇಲಿ ಸೊನ್ನೆ ಕೊಟ್ಟಿದ್ರು.