ಕಸ್ತೂರಿಯ ಬೆಲ್ಲದ ಬಣ್ಣದ ಟೊಮ್ಯಾಟೊ

ಮಸಗುಪ್ಪಿಯ ಕಸ್ತೂರಿಗೆ ನಗು ಬಂತೆಂದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹಿಡಕಲ್‌ನಿಂದ ಸೊಸೆಯಾಗಿ ಬಂದ ದಿನ ಹೊಸ್ತಿಲಲ್ಲಿದ್ದ ಸೇರನ್ನು ಒದ್ದಾಗ ಅಕ್ಕಿ ಹಾರಿ ಅತ್ತೆ ಸತ್ತೆವ್ವನ ತಲೆಗೇ ಬಿತ್ತು. ಹೊಸ ಸೊಸೆ ಬಾಗಿಲಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಕುರಿ ಸಾಕುವ ಮನೆತನ ಅವರದು. ಈಗ ಹಿಂಡು ಸಣ್ಣದಾಗಿ, ಕಾಲುವೆ ನೀರಿನ ಹೊಲದಲ್ಲಿ ಟೊಮ್ಯಾಟೊ, ಬದನೆ ಬೆಳೆಯುತ್ತಿದ್ದರು.

ಒಂದು ಹಂಗಾಮಿನಲ್ಲಿ ಟೊಮ್ಯಾಟೊ ಸಾಲಿನ ಒಂದೇ ಒಂದು ಗಿಡದ ಹಣ್ಣುಗಳು ಕೆಂಪಾಗಲೇ ಇಲ್ಲ. ಮೆತ್ತಗಾದವು, ಘಮಘಮಿಸಿದವು, ಆದರೆ ಬಣ್ಣ ಮಾತ್ರ ಹಳೆಯ ಬೆಲ್ಲದ್ದು.

"ರೋಗ ಬಂದೈತಿ. ಗಿಡಾ ಕಿತ್ತ ಒಗಿ," ಅಂದ ಗಂಡ ಸಿದ್ರಾಯ.

ಕಸ್ತೂರಿ ಒಂದನ್ನು ಕಚ್ಚಿಯೇಬಿಟ್ಟಳು. ರಸ ಗದ್ದಕ್ಕಿಳಿಯಿತು. "ಅಯ್ಯ, ಸಕ್ಕರಿ ಆಗೇತ್ರಿ! ರೋಗ ಇಷ್ಟ ರುಚಿ ಇರ್ತೈತೇನ್ರಿ?"

ಸಿದ್ರಾಯ ಮುಟ್ಟಲೊಲ್ಲ. ಅಷ್ಟರಲ್ಲಿ ಭಾನುವಾರ ನಾದಿನಿ ಭಾಗ್ಯಾ ಬಂದಳು. ಗೋಕಾಕ ಫಾಲ್ಸ್‌ನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವಳು, ಮರುದಿನದ ಪಾಠದ ತಯಾರಿಗೆಂದು ಮೈಕ್ರೋಸ್ಕೋಪನ್ನೂ ಹೊತ್ತು ತಂದಿದ್ದಳು.

"ಜಗಳ ಯಾಕ್ರಿ ವೈನಿ, ಒಳಗ ಇಣಕಿ ನೋಡೋಣ ಬರ್ರಿ," ಎಂದು ಅತ್ತಿಗೆಯನ್ನು ಕರೆದು, ಮೊದಲು ಹಸಿರು ಕಾಯಿಯ ತೆಳ್ಳನೆ ಪದರವೊಂದನ್ನು ಗಾಜಿನ ಮೇಲಿಟ್ಟಳು.

ಕಸ್ತೂರಿ ಒಂದು ಕಣ್ಣು ಮುಚ್ಚಿ ಬಾಗಿದಳು. "ಯವ್ವಾ! ಚೀಲದಾಗ ಹೆಸರುಕಾಳ ತುಂಬಿದಂಗ ಐತಿ!"

"ಆ ಚೀಲನ ಜೀವಕೋಶ. ಕಾಳ ಅದಾವಲ್ಲ, ಅವು ಬಿಸಲ ಹಿಡದ ಗಿಡಕ್ಕ ಊಟಾ ತಯಾರ ಮಾಡೂವು. ಕಾಯಿ ಹಣ್ಣಾಗೂ ಮುಂದ ಕಾಳ ಎಲ್ಲೂ ಹೋಗಂಗಿಲ್ರಿ. ಒಳಗಿನ ಹಸರ ಕರಗತೈತಿ, ಅಲ್ಲೇ ಕೆಂಪ ಹುಟ್ಟತೈತಿ."

ಕೆಂಪು ಹಣ್ಣಿನ ತಿರುಳಿನಲ್ಲಿ ನೋಡಿದರೆ, ಕಾಳುಗಳಲ್ಲಿ ಸೂಜಿಯಂಥ ಕೆಂಪು ಚೂರುಗಳು ಮಿನುಗುತ್ತಿದ್ದವು.

"ಅವ ಕಾಳೇನ ಇವು? ಸೀರಿ ಬದ್ಲಿ ಮಾಡ್ಯಾವ ಭಾಗ್ಯಾ!"

ಅಲ್ಲಿಂದ ಕಸ್ತೂರಿ ನಿಂತಲ್ಲಿ ನಿಲ್ಲಲಿಲ್ಲ. ಸೆರಗು ಸಿಕ್ಕಿಸಿ ಹಿತ್ತಲಿಗೆ ಓಡಿ ಮೆಣಸಿನಕಾಯಿ ತಂದಳು, ಬದನೆಕಾಯಿ ತಂದಳು. ಬದನೆಯ ಸಿಪ್ಪೆಯಲ್ಲಿ ಕಾಳು ಹುಡುಕಿ ಸುಸ್ತಾದಳು. ಅಲ್ಲಿ ಬಣ್ಣ ಕೋಶದೊಳಗಿನ ನೀರಿನಲ್ಲೇ ಕರಗಿರುತ್ತದೆ ಎಂದು ಭಾಗ್ಯಾ ಹೇಳಿದಾಗ, "ಇದು ಓಕುಳಿ ಹಂಡೇ ಬಿಡ!" ಎಂದು ಚಪ್ಪಾಳೆ ತಟ್ಟಿದಳು.

ಕೊನೆಗೆ ಬೆಲ್ಲದ ಬಣ್ಣದ ಹಣ್ಣು. ಈ ಸಲ ಭಾಗ್ಯಾ ನೋಡಿದಳು, ಕನ್ನಡಕ ತೆಗೆದು ಮತ್ತೆ ನೋಡಿದಳು. "ವೈನೀ! ಹಸರ ಹೋಗೇ ಇಲ್ರಿ! ಕೆಂಪೂ ಬಂದೈತಿ! ಒಂದ ಕಾಳಿನಾಗ ಎರಡೂ!"

"ಹಸರ ಕೆಂಪ ಕೂಡಿ ಬೆಲ್ಲದ ಬಣ್ಣ ಆತೇನ? ರೋಗ ಅಲ್ಲ ಹಂಗಾರ!"

"ಅಲ್ರಿ! ಹಸರ ಕರಗಿಸೂ ಕೆಲಸ ಒಂದ ನಿಂತೈತಿ. ನಾನೂ ಬರೇ ಓದಿದ್ದೆ, ಇವತ್ತ ನೋಡಿದೆ!"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಪಡಸಾಲೆಯಲ್ಲೇ ಕುಣಿದರು. "ಗಾಳಿ ಬಡದೈತೇನ ಇಬ್ರಿಗೂ?" ಎನ್ನುತ್ತ ಬಂದ ಸತ್ತೆವ್ವ ತಾನೂ ಕಣ್ಣಿಟ್ಟಳು. "ನನಗ ಬರೇ ಕಣ್ಣರೆಪ್ಪಿ ಕಾಣಾಕತ್ತೈತಿ!" ಅಂದಳು. ನಕ್ಕು ನಕ್ಕು ಕಸ್ತೂರಿಗೆ ಬಿಕ್ಕಳಿಕೆ ಹತ್ತಿತು. ಗದ್ದಲಕ್ಕೆ ಬಂದ ಸಿದ್ರಾಯನ ಬಾಯಿಗೆ ಭಾಗ್ಯಾ ಒಂದು ಹೋಳು ತುರುಕಿದಳು. ಅವನು ಅಗಿಯುತ್ತಲೇ ಇನ್ನೊಂದಕ್ಕೆ ಕೈ ಚಾಚಿದ.

ಕಸ್ತೂರಿ ಬೀಜ ಉಳಿಸಿಕೊಂಡಳು. ಮುಂದಿನ ಹಂಗಾಮಿಗೆ ಸಾಲು ತುಂಬ ಬೆಲ್ಲದ ಬಣ್ಣ. ಮೂಡಲಗಿ ಸಂತೆಯಲ್ಲಿ, "ಏನಬೇ, ಕೊಳತ ಹಣ್ಣ ತಂದೀಯಲ್ಲ?" ಅಂದವರಿಗೆಲ್ಲ ಹೋಳು ಕೊಟ್ಟು, ಕಾಳಿನ ಕತೆ ಹೇಳಿ, ತಾನೇ ನಕ್ಕು ನಗಿಸಿ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡಿದಳು.

ಮರಳುವಾಗ ಟೆಂಪೋದಲ್ಲಿ ಬಾಜೂ ಕೂತ ಹೆಂಗಸು ಪೇರಲ ಹಣ್ಣೊಂದನ್ನು ಕೊಟ್ಟಳು. ಕಸ್ತೂರಿ ಅದನ್ನು ಇಬ್ಭಾಗ ಮಾಡಿದವಳೇ ಎದ್ದುನಿಂತಳು.

"ಹೊರಗ ಹಳದಿ, ಒಳಗ ಕೆಂಪ! ನೋಡ್ರಿ, ಇದರಾಗ ಏನ ನಡದೈತೋ! ಯಾರರ ನಮ್ಮ ಭಾಗ್ಯಾಗ ಒಂದ ಫೋನ್ ಹಚ್ಚ್ರೀ!"