ಗೇರಿಲ್ಲದ ಗಾಡಿ

ಕಾಲು ಹೋದ ಮೇಲೆ ನಮ್ಮವರು ಜಗಲಿಯಲ್ಲಿ ಕೂತೇ ಲಾರಿ ಓಡಿಸತೊಡಗಿದರು. ನಮ್ಮ ಮನೆ ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ, ಒಂದು ಏರಿನ ಪಕ್ಕಕ್ಕಿದೆ. ಹತ್ತುವ ಪ್ರತಿ ಗಾಡಿಯ ಸಪ್ಪಳವೂ ಅಡುಗೆಮನೆಯವರೆಗೆ ಬರುತ್ತದೆ. ಅವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಂಜಿನ್ನು ಏದುಸಿರು ಬಿಟ್ಟರೆ ಸಾಕು, "ಹಾಕಲೇ ಎರಡನೇದಕ್ಕ! ಇನ್ನೂ ಎಷ್ಟು ಎಳೀತಿ?" ಎಂದು ಕೂಗುವರು. ಅದು ಡ್ರೈವರನಿಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಬೆಳಗಿನ ಮೊದಲ ಬಸ್ಸಿನಿಂದ ಶುರುವಾದರೆ ಮಲಗುವ ತನಕ ನನ್ನ ಕಿವಿಗೆ ಬಿಡುವಿರಲಿಲ್ಲ.

ಸಕ್ಕರೆ ಕಾಯಿಲೆ ತಿಂದದ್ದು ಎಡಗಾಲನ್ನು, ಮೊಣಕಾಲಿನ ಕೆಳಗೆ. ಬ್ರೇಕು, ಎಕ್ಸಿಲರೇಟರು ಒತ್ತುವ ಬಲಗಾಲು ಗಟ್ಟಿಯಾಗಿಯೇ ಇತ್ತು. ಹೋದದ್ದು ಕ್ಲಚ್ಚಿನ ಕಾಲು. ಆಸ್ಪತ್ರೆಯವರು ಕೊಟ್ಟ ಕೃತಕ ಕಾಲು ಛತ್ರಿಯ ಪಕ್ಕದ ಮೊಳೆಗೆ ತೂಗುಬಿದ್ದಿತ್ತು. ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗುವುದಿದೆ ಎಂದು ಅವರು ಕೇಳುತ್ತಿದ್ದರು.

ನಾನು ಹೊಲಿಗೆಯವಳು. ಕಾಲಿನಿಂದ ತುಳಿಯುವ ಹಳೆಯ ಮಶೀನು ನನ್ನದು, ತುಳಿದೂ ತುಳಿದೂ ಬಲ ಮೊಣಕಾಲು ಸವೆದಿದೆ. ಅವರು ದೇವಿಮನೆ ಘಟ್ಟ ಇಳಿದು ಕರಾವಳಿಗೆ ಲಾರಿ ಒಯ್ಯುತ್ತಿದ್ದ ಕಾಲದಲ್ಲಿ ದಿನಗಟ್ಟಲೆ ಈ ಮನೆ ನನ್ನೊಬ್ಬಳದೇ ಆಗಿರುತ್ತಿತ್ತು. ಬೇಕೆನಿಸಿದಾಗ ಉಂಡು, ಬೇಕೆನಿಸಿದಾಗ ಮಲಗುತ್ತಿದ್ದೆ. ಈಗ ಗುಂಡಿಗೆ ಕಾಜಾ ಎಷ್ಟು ದೂರಕ್ಕೆ ಹಾಕಬೇಕು, ಒಗ್ಗರಣೆಗೆ ಸಾಸಿವೆ ಯಾವಾಗ ಬೀಳಬೇಕು, ಎಲ್ಲದಕ್ಕೂ ಅವರ ಹುಕುಂ. ನನಗೆ ಇನ್ನೇನೂ ಬೇಡವಾಗಿತ್ತು, ಒಂದು ಮಧ್ಯಾಹ್ನ ಖಾಲಿ ಮನೆ ಬೇಕಾಗಿತ್ತು. ಗಂಡನ ಕಾಲು ಹೋದ ದುಃಖ ಇರಲಿಲ್ಲವೆಂದಲ್ಲ. ದುಃಖವೂ ಇತ್ತು, ಸಿಟ್ಟೂ ಇತ್ತು. ಎರಡನ್ನೂ ಹೊತ್ತು ಜೀವ ಹಣ್ಣಾಗಿತ್ತು.

ಹೀಗಿರುವಾಗ ನನ್ನ ತಮ್ಮ ಬಂದ. ಶಿರಸಿಯಲ್ಲಿ ಅವನದೊಂದು ಕಬ್ಬಿಣ ಕಡೆಯುವ ಲೇಥ್ ಅಂಗಡಿ. ಮೀಸೆ ಮೂಡಿದಾಗಿನಿಂದ ತನ್ನದೇ ಕೈಯಲ್ಲಿ ಒಂದು ರೇಸ್ ಗಾಡಿ ಕಟ್ಟಬೇಕೆಂಬ ಹುಚ್ಚು ಅವನಿಗೆ. ಭಾವನ ಕಾಲು ಆ ಹುಚ್ಚಿಗೆ ಒಳ್ಳೆಯ ನೆಪವಾಯಿತು.

"ಭಾವ, ಕ್ಲಚ್ಚೂ ಬ್ಯಾಡ, ಗೇರೂ ಬ್ಯಾಡ. ಹಂಗಾರ ಓಡಸ್ತೀರೋ ಇಲ್ಲೋ?" ಎಂದ.

ಭತ್ತ ಕೊಯ್ಯುವ ದೊಡ್ಡ ಯಂತ್ರವೊಂದು ಬನವಾಸಿ ಕಡೆ ಗುಜರಿಗೆ ಬಿದ್ದಿತ್ತು. ಅದರ ಪುಲಿ ಗಾಲಿಗಳನ್ನೂ ಅಂಗೈಯಗಲದ ಬೆಲ್ಟನ್ನೂ ಹಳೆಯ ಜೀಪಿನ ಡೀಸೆಲ್ ಎಂಜಿನ್ನಿಗೆ ಕೂಡಿಸುವುದು ಅವನ ಲೆಕ್ಕಾಚಾರ. ನನ್ನ ಹೊಲಿಗೆ ಮಶೀನಿನಲ್ಲಿ ಕೆಳಗೊಂದು ದೊಡ್ಡ ಗಾಲಿ, ಮೇಲೊಂದು ಸಣ್ಣ ಗಾಲಿ, ನಡುವೆ ಬೆಲ್ಟು. ಇಲ್ಲಿಯೂ ಅಷ್ಟೇ, ಆದರೆ ಪ್ರತಿ ಗಾಲಿಯ ಎರಡೂ ಅಂಚುಗಳು ತಾವಾಗಿಯೇ ಒಂದಕ್ಕೊಂದು ಹತ್ತಿರವಾಗಿ, ದೂರವಾಗಿ, ಬೆಲ್ಟನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತವಂತೆ. ಗೇರು ಬದಲಿಸುವ ಕೆಲಸ ಅಲ್ಲೇ ಮುಗಿಯುತ್ತದಂತೆ.

"ಭತ್ತ ಕೊಯ್ಯೂ ಬೆಲ್ಟಿನ ಮ್ಯಾಲೆ ನನ್ನ ಕುಂಡ್ರಸ್ತಿ ಏನು?" ಎಂದರು ಇವರು. ಆದರೆ ಒರಗಿದ್ದ ಬೆನ್ನು ನೆಟ್ಟಗಾಗಿದ್ದನ್ನು ನಾನು ಕಂಡೆ.

ಗೇರಿಲ್ಲದ ಕಾರು ಈಗ ಪೇಟೆಯಲ್ಲೇ ಸಿಗುತ್ತದಲ್ಲ, ಹಳೆಯದೊಂದು ತಂದರಾಯಿತು ಎಂದೆ. ಸಾವಿನ ಮನೆಯಲ್ಲಿ ಪಾಯಸ ಕೇಳಿದವಳನ್ನು ನೋಡಿದಂತೆ ಇಬ್ಬರೂ ನನ್ನನ್ನು ನೋಡಿದರು. ನಾನು ಚಹಾ ಇಡಲು ಎದ್ದೆ.

ಆಮೇಲೆ ಚಹಾ ಇಟ್ಟಿದ್ದೇ ಇಟ್ಟಿದ್ದು. ಲೇಥ್ ಅಂಗಡಿಯಲ್ಲಿ ಜಾಗವಿಲ್ಲವೆಂದು ಕೆಲಸವೆಲ್ಲ ನಮ್ಮ ಅಂಗಳದಲ್ಲೇ ನಡೆಯಿತು. ನನ್ನ ತಮ್ಮ ರವಿವಾರಗಳಂದು, ಅಂಗಡಿ ಮುಚ್ಚಿದ ಸಂಜೆಗಳಂದು ಬರುತ್ತಿದ್ದ. ವೆಲ್ಡಿಂಗಿನ ಬೆಳಕಿಗೆ ನನ್ನ ಕಣ್ಣು ಉರಿಯುತ್ತಿತ್ತು, ಗಿರಾಕಿಗಳ ರವಿಕೆ ಬಟ್ಟೆಗೆ ಗ್ರೀಸಿನ ವಾಸನೆ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಎಲ್ಲಕ್ಕೂ ತಾಡಪತ್ರಿ ಹೊದಿಸಿದರು, ನನ್ನ ತುಳಸಿಕಟ್ಟೆಗೂ ಸೇರಿಸಿ. ಎಂಜಿನ್ನು ಕೂರಿಸಿದರು, ಅಲುಗಾಡಿತೆಂದು ಇಳಿಸಿದರು, ಮತ್ತೆ ಕೂರಿಸಿದರು. ಬೆಲ್ಟು ಜಾರಿ ರಬ್ಬರು ಸುಟ್ಟಾಗ ವಾಸನೆಗೆ ಊಟ ಸೇರದೆ ಹೋಯಿತು. ತಮ್ಮನಿಗೆ ಒಮ್ಮೊಮ್ಮೆ ಕೈ ಸೋತುಹೋಗುತ್ತಿತ್ತು. ಸ್ಪ್ಯಾನರ್ ಹಿಡಿದೇ ಮೆಟ್ಟಿಲ ಮೇಲೆ ಕೂತು, "ಯಾಕರ ಹಚ್ಚಿಕೊಂಡ್ನೋ ಅಕ್ಕ" ಎನ್ನುತ್ತಿದ್ದ. ಇವರು ಜಗಲಿಯಿಂದ ಬೈದು ಎಬ್ಬಿಸುತ್ತಿದ್ದರು. ಅಷ್ಟು ತಿಂಗಳು ಅವರು ರಸ್ತೆಯ ಲಾರಿಗಳಿಗೆ ಬೈದದ್ದು ಕಡಿಮೆ. ನನಗದು ಹೊಳೆದದ್ದು ತಡವಾಗಿ.

ಕೊನೆಗೆ ನಿಂತ ಗಾಡಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಉದ್ದ ಮೂತಿ. ಬಾಗಿಲಿಲ್ಲ, ಮೇಲೆ ಹೊದಿಕೆಯಿಲ್ಲ. ಹಿಂದೆ ದಪ್ಪ ಟಯರು, ಮುಂದೆ ಸಣಕಲು ಟಯರು. ಹೊಗೆ ಕೊಳವೆ ಪಕ್ಕದ ಸೀಟಿನಲ್ಲಿ ಕೂತವರ ಕಿವಿಗೇ ಬಾಯಿ ತೆರೆದಿತ್ತು. ಯಾರದೋ ಗೇಟಿಗೆ ಬಳಿದು ಉಳಿದ ಕೆಂಪು ಬಣ್ಣ ಮೈಗೆಲ್ಲ.

ಮೊದಲ ಸಲ ರಸ್ತೆಗಿಳಿಸುವ ದಿನ ನಮ್ಮವರು ತಾವೇ ಎದ್ದು ಮೊಳೆಯ ಮೇಲಿನ ಕಾಲು ತೆಗೆದು, ಧೂಳು ಒರೆಸಿ, ಪಟ್ಟಿ ಬಿಗಿದರು. ಲಾರಿಯ ದಿನಗಳ ಖಾಕಿ ಅಂಗಿ ಹಾಕಿಕೊಂಡರು. ಬೆಲ್ಟು ಹೇಗೆ ಓಡುತ್ತದೆಂದು ನೋಡಲು ನನ್ನ ತಮ್ಮ ಬೈಕಿನಲ್ಲಿ ಹಿಂದೆ ಬರುವವನಿದ್ದ. ಅವರೊಬ್ಬರನ್ನೇ ಬಿಡುವ ಧೈರ್ಯ ನಮಗಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ನಾನು ಕೂತೆ.

ಬನವಾಸಿಯ ಕಡೆಗೆ ಹೊರಟೆವು. ಗಾಡಿ ಒಮ್ಮೆ ಅರಚಿತು, ಅದೇ ಸ್ವರದಲ್ಲಿ ಅರಚುತ್ತಲೇ ಇತ್ತು. ಗಿಡಮರಗಳು ಬೇಗ ಬೇಗ ಹಿಂದೆ ಹೋದವು, ಸಪ್ಪಳ ಮಾತ್ರ ಏರಲಿಲ್ಲ, ಇಳಿಯಲಿಲ್ಲ. ಅವರ ಎಡತೊಡೆ ಸೀಟಿನಿಂದ ಮೇಲೆದ್ದು ಏನನ್ನೋ ತುಳಿಯಿತು. ಅದರ ಹಿಂದೆಯೇ ಎಡಗೈ ಇಳಿದು ಗೇರಿನ ಕೋಲು ಹುಡುಕಿತು. ಅಲ್ಲಿ ಕೋಲಿರಲಿಲ್ಲ, ನನ್ನ ಮೊಣಕಾಲಿತ್ತು. ಬಿಸಿ ಹೆಂಚು ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಸ್ವಲ್ಪ ಮುಂದೆ ಹೋಗುವುದರೊಳಗೆ ಮತ್ತೆ ಅದೇ ಆಯಿತು. ನಡುರಸ್ತೆಯಲ್ಲಿ, ಬಾಗಿಲಿಲ್ಲದ ಗಾಡಿಯಲ್ಲಿ, ನಾನು ಸೆರಗು ಸರಿಮಾಡಿಕೊಂಡು ಎದುರಿಗೆ ನೋಡುತ್ತ ಕೂತೆ.

ಗದ್ದೆಗಳು ಶುರುವಾಗುವಲ್ಲಿ ಅವರು ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿಬಿಟ್ಟರು. ಹಿಂದಿನಿಂದ ಬಂದ ತಮ್ಮ ಬಗ್ಗಿ ಬೆಲ್ಟು ಮುಟ್ಟಿ ನೋಡಿದ. "ಚಲೋ ಐತಲ್ಲ ಭಾವ, ಯಾಕ ನಿಲ್ಲಿಸಿದ್ರಿ?"

"ಇದು ಮಾತಾಡೂದಿಲ್ಲೋ," ಎಂದರು. "ನಾ ಸಪ್ಪಳ ಕೇಳಿ ಓಡ್ಸಾಂವ. ಗಾಡಿ ಸಾಕಾತು ಅಂತಿತ್ತು, ನಾ ಗೇರ್ ಹಾಕ್ತಿದ್ದೆ. ಇದಕ್ಕ ನಾ ಬೇಕಾಗೇ ಇಲ್ಲ. ಮನೀಗೆ ನೀನೇ ತಗೊಂಡು ಹೋಗು."

ತಮ್ಮನ ಮುಖ ಸಪ್ಪೆಯಾಯಿತು. ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅದನ್ನು ನೋಡಿ ನನ್ನ ತಾಳ್ಮೆ ತಪ್ಪಿತು. ಮತ್ತೆ ಆ ಜಗಲಿ, ಮತ್ತೆ ಆ ಕೂಗಾಟ, ಸಾಯುವ ತನಕ.

"ಬೇಕಾಗಿಲ್ಲ ಅಂದ್ರ ನನ್ನ ಮೊಣಕಾಲಿಗೆ ಯಾಕ ಗೇರ್ ಹಾಕಿದ್ರಿ?" ಎಂದು ಸಿಡುಕಿದೆ. "ಹಾಕೂದಾದ್ರ ನೆಟ್ಟಗೆ ಹಾಕ್ರಿ. ಇಲ್ಲೇ ಐತಿ ಕಾಲು, ಎಲ್ಲಿಗೂ ಹೋಗೂದಿಲ್ಲ. ಆದ್ರ ಮನೀತನಕ ನೀವೇ ಓಡಿಸ್ಬೇಕು."

ನಾನು ಸಿಟ್ಟಿನಿಂದಲೇ ಹೇಳಿದ್ದು. ತಮ್ಮ ನಾಚಿ ಗದ್ದೆಯ ಕಡೆ ತಿರುಗಿದ. ಇವರು ನನ್ನನ್ನೇ ನೋಡಿದರು, ಮೊಣಕಾಲನ್ನು ನೋಡಿದರು, ಆಮೇಲೆ ನಕ್ಕರು. ಆಸ್ಪತ್ರೆಗೆ ಹೋಗುವ ಮೊದಲು ಕೇಳಿದ್ದ ನಗು ಅದು. ಕೀಲಿ ತಿರುಗಿಸಿದರು.

ವಾಪಸು ಬರುವಾಗ ಕೈ ತೆಗೆಯಲಿಲ್ಲ. ಹೊರಡುವಾಗ ಮೊಣಕಾಲನ್ನು ಮುಂದಕ್ಕೆ ತಳ್ಳಿದರು, ವೇಗ ಹೆಚ್ಚಿದಾಗ ಹಿಂದಕ್ಕೆ ಎಳೆದರು. ಅದು ಮೊದಲೇ ನೋಯುವ ಕಾಲು. ನಾನು ಹಲ್ಲು ಕಚ್ಚಿ ಕೂತೆ. ನಮ್ಮ ಮನೆಯ ಏರು ಬಂದಾಗ, "ಎರಡನೇದು" ಎಂದು ತಮಗೆ ತಾವೇ ಹೇಳಿಕೊಂಡು ಕಾಲನ್ನು ಮತ್ತೊಮ್ಮೆ ಎಳೆದರು. ಗಾಡಿಗೆ ಅದರ ಸುದ್ದಿಯೇ ಇಲ್ಲ, ಅದು ತನ್ನ ಪಾಡಿಗೆ ಹತ್ತಿತು.

ಈಗ ಅವರು ಜಗಲಿಯಲ್ಲಿ ಕೂರುವುದಿಲ್ಲ. ಊಟವಾಯಿತೋ ಇಲ್ಲವೋ ಕಾಲು ಕಟ್ಟಿಕೊಂಡು, ಹಿಟ್ಟಿನ ಗಿರಣಿಗೋ ಗೆಳೆಯರ ಮನೆಗೋ ಹೊರಡುತ್ತಾರೆ. ನಾನು ಬಟ್ಟೆ ಕತ್ತರಿಸುತ್ತಿರುತ್ತೇನೆ. ಅಂಗಳದಿಂದ ಹಾರ್ನು ಬಾರಿಸುತ್ತಾರೆ.

"ನೀವೊಬ್ರೇ ಹೋಗಿ ಬರ್ರಿ, ನನಗ ಕೆಲಸ ಐತಿ," ಎನ್ನುತ್ತೇನೆ.

"ಗೇರ್ ಮನ್ಯಾಗ ಬಿಟ್ಟು ಹೆಂಗ ಹೋಗ್ಲಿ?"

ಬೈಯುತ್ತಲೇ ಕತ್ತರಿ ಇಟ್ಟು ಏಳುತ್ತೇನೆ. ಬಾಗಿಲು ಎಳೆಯುವ ಮೊದಲು ಒಮ್ಮೆ ಒಳಗೆ ನೋಡುತ್ತೇನೆ. ಯಾರೂ ಇಲ್ಲದ, ಸದ್ದಿಲ್ಲದ ಮನೆ, ನಾನು ಬೇಡಿಕೊಂಡದ್ದು ಇದನ್ನೇ. ಬೀಗ ಹಾಕಿ, ಹೋಗಿ ಅವರ ಪಕ್ಕದಲ್ಲಿ ಕೂರುತ್ತೇನೆ.